ಫಲಾನುಭವಿಗಳ ಕಾಲಂ

ನಿಝ್ವಾ ಕೋಟೆಯ ಹಿಂದೆ, ಹಲ್ವಾ ಅಂಗಡಿಯ ಮಾಳಿಗೆಯಲ್ಲಿ
ನಮ್ಮ ಭಾಷಾಂತರ ಕಚೇರಿ. ಎರಡು ಕಂಪ್ಯೂಟರ್, ಒಂದು ಮೊಹರು,
ಮುದಿ ಏಸಿಯ ಕೆಮ್ಮು.
ಗುರುವಾರ ಮಧ್ಯಾಹ್ನ ಬಂದವರು ಹಮೂದ್ ಬಿನ್ ಸುಲೈಯಂ.
ಎಂಬತ್ತು ದಾಟಿರಬೇಕು, ಊರುಗೋಲಿನ ತುದಿಗೆ ಬೆಳ್ಳಿ.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು
ಮೂರು ಫೋಟೋ, ಮೂರು ಕೋವಿ.
ಮೊಮ್ಮಕ್ಕಳನ್ನು ತೋರಿಸುವವರ ಹಾಗೆ
ಒಂದೊಂದನ್ನೂ ಬೆರಳಲ್ಲಿ ಒರೆಸಿ ಕೊಟ್ಟರು.

"ಇವು ನನ್ನವು. ನನ್ನ ನಂತರ ಯಾರವೂ ಆಗಬಾರದು.
ಹಾಗೆ ಬರೆ."

ಮಸ್ಕತ್ತಿನ ವಕೀಲರ ಇಂಗ್ಲಿಷ್ ಕರಡಿನಲ್ಲಿ ಅದು ಟ್ರಸ್ಟ್.
ಅರಬ್ಬಿಗೆ ದಾಟಿಸುವುದು ನನ್ನ ಕೆಲಸ;
ದಾರಿಯಲ್ಲಿ ಕನ್ನಡದ ಮೇಲೊಂದು ಕಾಲಿಟ್ಟೇ ದಾಟುತ್ತೇನೆ,
ಹದಿನಾಲ್ಕು ವರ್ಷದ ಚಟ.
ನ್ಯಾಸ, ಅಂದುಕೊಂಡೆ. ನ್ಯಾಸವೆಂದರೆ ಕೆಳಗಿಡುವುದು.
ಅವರ ಬಾಯಲ್ಲಿ ಅದು ಅಮಾನತ್.
ನಮ್ಮ ಪೇಪರಿನಲ್ಲಿ ಅಮಾನತಾಗುವುದು
ಲಂಚ ತಿಂದ ತಹಸೀಲ್ದಾರ.
ನಗು ಬಂತು. ಏಸಿಯ ಜೊತೆ ನಾನೂ ಕೆಮ್ಮಿದೆ.

ಮಾಲೀಕರು: ಇಲ್ಲ.
ಹೊಣೆಗಾರರು: ಹಿರಿಯ ಖಲ್ಫಾನ್, ಕಿರಿಯ ಮುಹನ್ನಾ, ಮತ್ತು
ಸುಹಾರ್ ಬಂದರಿನಲ್ಲಿ ಲೆಕ್ಕ ಬರೆಯುವ ಮಗಳು ರಾಯಾ.
ಕಪಾಟಿಗೆ ಮೂರು ಬೀಗ, ಮೂರು ಮನೆಯಲ್ಲಿ ಮೂರು ಕೀಲಿ.
ಮೂವರೂ ಕೂಡಿ ಬಾರದೆ ಬಾಗಿಲು ತೆರೆಯತಕ್ಕದ್ದಲ್ಲ.
ದೇವಸ್ಥಾನಕ್ಕಾದರೆ ಇಂಥವರು ಧರ್ಮದರ್ಶಿಗಳು.
ಕೋವಿಗೆ ಏನನ್ನಲಿ?

ನಾನು ಕಂಡದ್ದೇ ಇಂಥ ಕೋವಿ.
ನಾಪೋಕ್ಲಿನಾಚೆ ನಮ್ಮದೂ ಯಾರದ್ದೂ ಅಲ್ಲ, ಒಕ್ಕದ್ದು.
ಗಂಡು ಹುಟ್ಟಿದರೆ ಆಕಾಶಕ್ಕೊಂದು ಗುಂಡು.
ನಾನು ಹುಟ್ಟಿದ ದಿನ ಅದು ಗೋಡೆಯ ಮೇಲೇ ಇತ್ತಂತೆ.
"ನಿನ್ನ ಅಳುವೇ ಸಾಕಾಗಿತ್ತು, ದೇಚು," ಅನ್ನುತ್ತಿದ್ದಳು ಅವ್ವ.
ವರ್ಷಕ್ಕೊಮ್ಮೆ, ಕೈಲ್‌ಪೊಳ್ದ್ ದಿನ,
ನಳಿಗೆಗೆ ತೋಕ್ ಪೂ ಸಿಕ್ಕಿಸಲು ಮಾತ್ರ ಮುಟ್ಟುತ್ತಿದ್ದೆ.
ಕಬ್ಬಿಣ ತಣ್ಣಗೆ, ಹೂವಿಗಿಂತ ತಣ್ಣಗೆ.

ಏಳನೇ ಕಲಮಿಗೆ ಬಂದಾಗ ಕೇಳಿಯೇಬಿಟ್ಟೆ:
ಶುಕ್ರವಾರದ ಸಂತೆಯಲ್ಲಿ ಮೇಕೆಗಳ ಪಕ್ಕದಲ್ಲೇ ಮಾರಬಹುದಿತ್ತಲ್ಲ,
ಇಷ್ಟೊಂದು ಬೀಗ ಯಾಕೆ? ಮಕ್ಕಳ ಮೇಲೆ ನಂಬಿಕೆ ಇಲ್ಲವೇ?

"ನಂಬಿಕೆ ಇದ್ದಿದ್ದರೆ ನಿನ್ನ ಮೆಟ್ಟಿಲು ಯಾಕೆ ಹತ್ತುತ್ತಿದ್ದೆ, ಯಾ ಕಾತಿಬಾ?"
ಆಮೇಲೆ ಕಿಟಕಿಗೆ ಹೇಳಿದರು, ನನಗಲ್ಲ:
"ಫಲಜಿನ ನೀರಿನ ಸರದಿ. ಅರ್ಧ ಗಂಟೆಯ ನೀರು.
ಮುಹನ್ನಾ ಒಳಗೆ ಬಂದ, ನಡುವಿನದನ್ನು ಇಳಿಸಿದ.
ಖಲ್ಫಾನ್ ಖರ್ಜೂರದ ಬುಡ ಬಿಡಿಸುತ್ತಿದ್ದ, ಬೆನ್ನು ಈ ಕಡೆ.
ಮದ್ದು ಹಳತು. ಹತ್ತಲಿಲ್ಲ.
ಟಕ್ ಅಂತ ಒಂದು ಸದ್ದು, ಅಷ್ಟೆ.
ಅವನು ಇವತ್ತಿಗೂ ಅಂದುಕೊಂಡಿದ್ದಾನೆ
ಕೊಂಬೆ ಮುರಿದದ್ದೆಂದು."

ಎಂಟನೇ ಕಲಂ, ಅವರೇ ಹೇಳಿ ಬರೆಸಿದ್ದು:
ಮದುವೆಯ ಕುಣಿತಕ್ಕೆ ಕೊಡಬಹುದು, ಗುಂಡಿಲ್ಲದೆ.
ಸೂರ್ಯ ಮುಳುಗುವ ಮುಂಚೆ ವಾಪಸು.

ಉಳಿದದ್ದು ಫಲಾನುಭವಿಗಳ ಕಾಲಂ.
ಊರಿನ ಪಂಚಾಯತಿಯಲ್ಲಿ ಆ ಪದಕ್ಕೆ
ಹೊಲಿಗೆ ಯಂತ್ರ ಸಿಗುತ್ತದೆ, ದನದ ಕೊಟ್ಟಿಗೆ, ಮೂರು ಕೋಳಿಮರಿ.
ಕೋವಿಯ ಫಲ ಅನುಭವಿಸುವವರು ಯಾರು, ಬಾಬಾ?
ಗಡ್ಡ ನೀವುತ್ತ ಕೂತರು.
ಕೆಳಗೆ ಹಲ್ವಾ ತಿರುವುವ ಸಟ್ಟುಗ ತಾಮ್ರಕ್ಕೆ ಉಜ್ಜುತ್ತಿತ್ತು.
"ಇನ್ನೂ ಹುಟ್ಟದವರು ಅಂತ ಬರೆ.
ಅವರಿಗೆ ಇನ್ನೂ ಯಾರ ಜೊತೆಗೂ ಜಗಳವಿಲ್ಲ."

ಬರೆದೆ. ಮೊಹರು ಒತ್ತಿದೆ. ಆರು ರಿಯಾಲ್.
ಹೆಬ್ಬೆರಳಿನ ಮಸಿಯನ್ನು ಬಿಳಿ ದಿಶ್‌ದಾಶಾಕ್ಕೆ ತಾಗದಂತೆ
ದೂರ ಹಿಡಿದುಕೊಂಡೇ ಮೆಟ್ಟಿಲಿಳಿದರು.

ಸಂಜೆ ಕೀಬೋರ್ಡ್ ಎತ್ತಿದರೆ ಅಡಿಯಲ್ಲಿ ಒಂದು ಫೋಟೋ,
ನಡುವಿನದು.
ಮರೆತರೋ, ಬಿಟ್ಟರೋ. ಫೋನು ಮಾಡಲಿಲ್ಲ.
ನನ್ನ ಡ್ರಾಯರಿನಲ್ಲಿದೆ ಈಗ,
ಅವ್ವನ ಹಳೆಯ ಕಾಗದದ ಮೇಲೆ.
ಡ್ರಾಯರಿಗಿರುವುದು ಒಂದೇ ಕೀಲಿ,
ಅದೂ ಸಡಿಲ.