ನಾಲ್ಕೂಮುಕ್ಕಾಲು

ಹದಿನಾಲ್ಕು ಪೆಡಲು ದೋಣಿ, ಅದರಲ್ಲಿ ಮೂರಕ್ಕೆ ತೂತು.
ಬೆಳಿಗ್ಗೆ ಎಂಟಕ್ಕೆ ಬಂದು ನೀರು ಮೊಗೆಯಬೇಕು,
ಬಾತುಗಳ ಹಿಕ್ಕೆ ಉಜ್ಜಬೇಕು,
ನಿನ್ನೆಯ ಮಕ್ಕಳ ಬೆವರು ಕುಡಿದ ಲೈಫ್ ಜಾಕೆಟ್ಟುಗಳನ್ನು
ಬೇಲಿಯ ಮೇಲೆ ಸಾಲಾಗಿ ಒಣಹಾಕಬೇಕು.
ತಲೆಯಿಲ್ಲದ, ಕಿತ್ತಳೆ ಬಣ್ಣದ ಜನ.
ಅವರೆದುರೇ ನಾನು ಅಭ್ಯಾಸ ಮಾಡಿದ್ದು.

‘ಮಿಸ್ಟರ್ ಹಾಲ್ವರ್ಸನ್, ಒಂದು ನಿಮಿಷ ಇದೆಯಾ?’
(ಬೇಡ. ಇಲ್ಲ ಅಂದುಬಿಟ್ಟರೆ?)
‘ಮಿಸ್ಟರ್ ಹಾಲ್ವರ್ಸನ್, ಇದು ನನ್ನ ಎರಡನೇ ಬೇಸಿಗೆ.’
(ಅವನಿಗೇನು ಎರಡರ ತನಕ ಎಣಿಸಲು ಬಾರದೇ?)

ಗಂಟೆಗೆ ನಾಲ್ಕೂಕಾಲು ಡಾಲರು.
ಅದಕ್ಕಿಂತ ಕೆಳಗಿಳಿಯಬೇಡ ಎಂದು ಸರ್ಕಾರ ಹೇಳಿದೆ,
ಮೇಲೇರು ಎಂದು ಯಾರೂ ಅವನಿಗೆ ಹೇಳಿಲ್ಲ.
ನನಗೆ ಐದು ಬೇಕಿತ್ತು. ಐದೆಂದರೆ ಒಂದು ಅಂಗೈ,
ಬೆರಳು ಬಿಡಿಸಿದರೆ ಕಣ್ಣಿಗೆ ಕಾಣುವ ಸಂಖ್ಯೆ.

ಶೆಡ್ಡಿನೊಳಗೆ ಅವನು ಮೋಟರೊಂದರ ಹೊಟ್ಟೆ ಬಗೆದು ಕೂತಿದ್ದ,
ಮೊಣಕೈವರೆಗೆ ಗ್ರೀಸು. ರೇಡಿಯೋದಲ್ಲಿ ಬೇಸ್‌ಬಾಲು,
ನಮ್ಮವರು ಸೋಲುತ್ತಿದ್ದರು.
ಒಳ್ಳೆಯ ಗಳಿಗೆಯಲ್ಲ. ಆದರೆ ಬಾಯಿ ಆಗಲೇ ತೆರೆದಿತ್ತು,
ತೆರೆದ ಬಾಯಿಗೆ ಏನಾದರೂ ತುಂಬಲೇಬೇಕು.
ಮುಳುಗುತ್ತಿದ್ದ ಒಂಬತ್ತನೇ ನಂಬರನ್ನು ಈಜಿ ಎಳೆತಂದದ್ದು,
ಜುಲೈ ನಾಲ್ಕಕ್ಕೆ ಊಟವಿಲ್ಲದೆ
ನೂರಾ ಹನ್ನೊಂದು ಸಲ ದೋಣಿ ಕಟ್ಟಿ ಬಿಚ್ಚಿದ್ದು,
ಎಲ್ಲ ಹೇಳಿದೆ. ‘ಐದು’ ಮಾತ್ರ
ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಅಡ್ಡ ನಿಂತು
ಕೊನೆಗೆ ಕೆಮ್ಮಿನ ಜೊತೆ ಬಿತ್ತು.

ಹಾಲ್ವರ್ಸನ್ ಸ್ಪ್ಯಾನರು ಕೆಳಗಿಡಲಿಲ್ಲ.
‘ಮಿನೆಸೋಟದಲ್ಲಿ ಬೇಸಿಗೆ ಅಂದರೆ ಎಣಿಸಿ ಹನ್ನೊಂದು ವಾರ.
ಆಗಸ್ಟಿನಲ್ಲಿ ಮಳೆ ಹಿಡಿದರೆ ನನಗೆ ಯಾರು ಕೊಡುತ್ತಾರೆ?’
ನಾನು ಸುಮ್ಮನಿದ್ದೆ. ಜಾಣತನದಿಂದಲ್ಲ,
ಅಭ್ಯಾಸ ಮಾಡಿದ್ದು ಅಲ್ಲಿಗೇ ಮುಗಿದಿತ್ತು.
ಆ ಮೌನ ಅವನಿಗೆ ಹಟದಂತೆ ಕಂಡಿತೋ ಏನೋ.
ರೇಡಿಯೋದಲ್ಲಿ ಇಬ್ಬರು ಔಟಾದರು.
‘ನಾಲ್ಕೂಮುಕ್ಕಾಲು,’ ಅಂದ. ‘ಡೊರೀನ್‌ಗೆ ಹೇಳಬೇಡ.’

ಡೊರೀನ್.
ಟಿಕೇಟು ಕಿಟಕಿಯಲ್ಲಿ ಹನ್ನೊಂದು ಬೇಸಿಗೆ ಕೂತವಳು,
ಗಾಳಿ ತಿರುಗುವ ಮೊದಲೇ ಸೀಟಿ ಊದಿ
ಎಲ್ಲರನ್ನೂ ದಡಕ್ಕೆ ಕರೆಯುವವಳು.
ಮೊದಲ ದಿನ ನನಗೆ ಗಂಟು ಕಲಿಸಿದ್ದಳು:
ಎಳೆದಷ್ಟೂ ಬಿಗಿಯಬೇಕು, ಬೇಕೆಂದಾಗ ಒಂದೇ ಕೈಗೆ ಬಿಚ್ಚಬೇಕು.

ಮಧ್ಯಾಹ್ನ ಮೊಟ್ಟೆಯ ಸ್ಯಾಂಡ್‌ವಿಚ್ಚು ಮುರಿದು
ಅರ್ಧ ನನ್ನ ಕಡೆ ಸರಿಸಿದಳು.
‘ಎಷ್ಟಕ್ಕೆ ಒಪ್ಪಿದ?’
ಸರೋವರದ ಕಡೆ ನೋಡಿದೆ. ಸುಳ್ಳು ಹೇಳಬಹುದಿತ್ತು.
ಬಾಯಲ್ಲಿ ಅವಳದೇ ಮೊಟ್ಟೆಯಿತ್ತು.
ಹೇಳಿದೆ.

ಅವಳು ಬಹಳ ಹೊತ್ತು ಅಗಿದಳು.
‘ನನಗೆ ನಾಲ್ಕೂವರೆ,’ ಅಂದಳು,
ಚಿಲ್ಲರೆ ಎಣಿಸಿ ಕೊಡುವಾಗಿನ ಅದೇ ದನಿಯಲ್ಲಿ.

ಕಾಲಿಗೂ ಮುಕ್ಕಾಲಿಗೂ ನಡುವೆ ಅರೆ ಬರುತ್ತದೆ,
ಮೂರನೇ ತರಗತಿಯಲ್ಲೇ ಕಲಿತದ್ದು.
ಆ ಅರೆಯೊಳಗೆ ಒಬ್ಬಳು
ಹನ್ನೊಂದು ವರ್ಷ ಕೂತಿರಬಹುದೆಂದು
ಯಾವ ಮೇಷ್ಟ್ರೂ ಹೇಳಿರಲಿಲ್ಲ.
ಒಂದು ಕೆಮ್ಮಿನಲ್ಲಿ ನಾನು ಅವಳನ್ನು ದಾಟಿಬಿಟ್ಟಿದ್ದೆ.

ಮರುದಿನ ಡೊರೀನ್ ಕಿಟಕಿ ತೆರೆಯಲಿಲ್ಲ.
ಕೊರಳಿಂದ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿ
ಶೆಡ್ಡಿನ ಕಡೆ ನಡೆದಳು. ಮಿಸ್ಟರ್ ಅನ್ನಲಿಲ್ಲ.
‘ಆರ್ನೆ,’ ಎಂದು ಕರೆದದ್ದು ಕೇಳಿಸಿತು,
ಆಮೇಲೆ ರೇಡಿಯೋ ನಿಂತದ್ದು.

ಕಟ್ಟೆಯ ಮೇಲೆ ಒಂದು ಕುಟುಂಬ ಕಾದಿತ್ತು.
‘ತೆರೆದಿದೆಯಾ?’ ಎಂದ ಅಪ್ಪ.
ಇನ್ನೂ ಇಲ್ಲ ಅಂದೆ.
‘ಎಷ್ಟು ಹೊತ್ತಾಗಬಹುದು?’
ಗೊತ್ತಿಲ್ಲ, ಒಳಗೆ ಲೆಕ್ಕ ನಡೀತಿದೆ.

ಅವನ ಪುಟ್ಟ ಮಗಳು ಮಾತ್ರ ಬೇಲಿಯಿಂದ
ಒದ್ದೆ ಜಾಕೆಟ್ಟೊಂದನ್ನು ಎಳೆದುಕೊಂಡು
ಆಗಲೇ ಬಕಲು ಹಾಕಿಕೊಳ್ಳುತ್ತಿದ್ದಳು.