ಹಳೆಯದು ಮಾಡುವ ಕಲ್ಲು

ಕೌಲ್ ಬಜಾರಿನ ನಮ್ಮ ವಾಷಿಂಗ್ ಯೂನಿಟ್ಟಿನಲ್ಲಿ
ಹೊಸ ಜೀನ್ಸ್ ಮುಕ್ಕಾಲು ಗಂಟೆಗೆ ಹಳೆಯದಾಗುತ್ತದೆ.
ಡ್ರಮ್ಮಿನೊಳಗೆ ಹಗುರ ಕಲ್ಲು, ನೀರು, ಗಡಗಡ.
ಮೊಣಕಾಲು ಮಾಸಿ, ತೊಡೆ ಬೆಳ್ಳಗಾಗಿ
ಯಾರೋ ಹತ್ತು ವರ್ಷ ತೊಟ್ಟು ಓಡಾಡಿದಂತೆ
ಹೊರಗೆ ಬರುತ್ತದೆ.

ಮೇಲಂತಸ್ತಿನಲ್ಲಿ ನಾನು, ನನ್ನ ಮೇಲ್ ಸರ್ವರು,
ಇಬ್ಬರಿಗೂ ಒಂದೇ ಫ್ಯಾನು.

ಸೋಮವಾರ ಬೆಳಿಗ್ಗೆ, ಹೋದ ಕಾಗದಗಳೆಲ್ಲ ತಿರುಗಿ ಬಂದಿದ್ದವು
ನೆತ್ತಿಯ ಮೇಲೆ ಐನೂರೈವತ್ತು ಎಂಬ ಅಂಕಿ ಹೊತ್ತು:
ನಿಮ್ಮ ನಂಬರು ಕಪ್ಪುಪಟ್ಟಿಯಲ್ಲಿದೆ, ಬಾಗಿಲು ತೆಗೆಯುವುದಿಲ್ಲ.
ಇಚಲಕರಂಜಿಯ ಬಿಲ್ಲು, ಮಾಲೇಗಾಂವಿನ ದರಪಟ್ಟಿ,
ಯಾರದೋ ಮದುವೆಗೆ ಹೇಳಿದ ಶುಭಾಶಯ ಕೂಡ.

ಲಾಗು ತೆಗೆದು ನೋಡಿದೆ.
ಗಾದಿಲಿಂಗನ ಪಾಸ್‌ವರ್ಡು ಅವನ ಬೈಕಿನ ನಂಬರು.
ಅದನ್ನು ಯಾರೋ, ಎಲ್ಲಿಂದಲೋ ಊಹಿಸಿ
ಶನಿವಾರ ರಾತ್ರಿ ನಾವು ಮಲಗಿದ್ದಾಗ
ನಮ್ಮ ಹೆಸರಲ್ಲಿ ಮೂವತ್ತೆಂಟು ಸಾವಿರ ಮಂದಿಗೆ
ಲಾಟರಿ ಹೊಡೆದಿದೆ ಎಂದು ಬರೆದಿದ್ದರು.
ಗಾದಿಲಿಂಗ ತನ್ನ ನೀಲಿ ಬೆರಳು ನೋಡುತ್ತ ನಿಂತ.
ಬೈಯಲು ಬಾಯಿ ಬರಲಿಲ್ಲ.

"ನಂಬರ್ ಬದ್ಲಿ ಮಾಡವ್ವ ಹೊನ್ನೂರಮ್ಮ, ಹೊಸದು ತಗೊಂಡ್ರಾತು,
ರೊಕ್ಕ ನಾ ಕೊಡ್ತೀನಿ," ಅಂದರು ಖಾಸಿಂಪೀರ ಸಾಹೇಬರು.
ಕೆಳಗಿನ ಡ್ರಮ್ಮು ತೋರಿಸಿದೆ.
ಪ್ಯಾಂಟಿಗೆ ಕಲ್ಲಿದೆ ಸಾಹೇಬರೆ, ನಂಬರಿಗಿಲ್ಲ.
ನಿನ್ನೆ ಹುಟ್ಟಿದ್ದು ಇವತ್ತೇ ಐನೂರು ಕಾಗದ ಬರೆದರೆ
ಯಾವ ಸರ್ವರೂ ನಂಬುವುದಿಲ್ಲ.
ಮೊದಲ ದಿನ ಇಪ್ಪತ್ತು, ಆಮೇಲೆ ನಲವತ್ತು,
ಬಂದ ಉತ್ತರ ಎಣಿಸುತ್ತ
ವಾರಗಟ್ಟಲೆ ನಡೆದು ನಡೆದೇ ಮಾಸಬೇಕು ಅದು.
ನಮಗಿಂತ ಮುಂಚೆ ಅದನ್ನು ಯಾರು ತೊಟ್ಟಿದ್ದರೋ,
ಕಿಸೆಯಲ್ಲಿ ಏನು ಬಿಟ್ಟು ಹೋದರೋ.

ಉದ್ರಿಯ ಮೇಲೆ ಬೆಳೆದ ಮನುಷ್ಯ. ತಿಳಿಯಿತು.

ಹಳೆ ಹೆಸರಲ್ಲೇ ಕೂತೆವು.
ನಮ್ಮ ಪರವಾಗಿ ಯಾರು ಬರೆಯಬಹುದೆಂದು
ಕೇಳಿದವರಿಗೆಲ್ಲ ಕಾಣುವಂತೆ ಬರೆದಿಟ್ಟೆ,
ಹೋಗುವ ಪ್ರತಿ ಕಾಗದಕ್ಕೂ ಮೊಹರು ಒತ್ತಿಸಿದೆ.
ಪಟ್ಟಿಯವರಿಗೆ ಅರ್ಜಿ: ತಪ್ಪು ನಮ್ಮದು, ತೂತು ಮುಚ್ಚಿದ್ದೇವೆ.
ಮುಚ್ಚದೆ ಕೇಳಿದವರಿಗೆ
ಎರಡನೇ ಸಲ ಕಿವಿಗೊಡುವುದಿಲ್ಲ ಅವರು.

ಒಂದು ಪಟ್ಟಿ ಮಾತ್ರ ಬಿಡಲಿಲ್ಲ.
ನೀವು ಇಲ್ಲದವರಿಗೆ ಬರೆಯುತ್ತೀರಿ, ಎಂದಿತು.
ಯಾರು, ಅಂತ ಹೇಳುವುದಿಲ್ಲ ಅದು.
ಹಬ್ಬದ ರಿಯಾಯಿತಿಯ ವಿಳಾಸಗಳನ್ನು
ಮೂರು ದಿನ ಅಕ್ಕಿಯಂತೆ ಆರಿಸಿದೆ.
ಸೋಲಾಪುರದ ಅಂಬಾದಾಸ ಶೇಠರು.
ತೀರಿಕೊಂಡು ಐದು ವರ್ಷ.
ಅವರ ಮುಚ್ಚಿದ ಪೆಟ್ಟಿಗೆಯಲ್ಲಿ ಈಗ
ಯಾರೋ ಕಿವಿಯಿಟ್ಟು ಕೂತಿರಬೇಕು,
ಸತ್ತವರಿಗೂ ಮಾರಲು ಬರುವವರ ಗುರುತು ಹಿಡಿಯಲು.
ಪ್ರತಿ ದೀಪಾವಳಿ, ಪ್ರತಿ ರಂಜಾನಿಗೆ ಅವರಿಗೆ
ನಾವು ಶೇಕಡಾ ಹದಿನೈದು ಬಿಟ್ಟಿದ್ದೇವೆ.

"ಆ ಮನಿಷಾ ಯಾವತ್ತೂ ಬರೆದು ಕೊಟ್ಟಾನಲ್ಲ,
ಬರೇ ಬಾಯಿಮಾತು. ಒಂದ್ಸಲನೂ ಎರಡಾಗ್ಲಿಲ್ಲ."
ಅಳಿಸಲೇ, ಎಂದೆ.
ಕರೆಂಟು ಹೋಗಿ ಕೆಳಗೆ ಡ್ರಮ್ಮು ನಿಂತಿತ್ತು.
ಯುಪಿಎಸ್ ಒಂದೇ ಕುಂಯ್‌ಗುಡುತ್ತಿತ್ತು.
"ತಡಿ," ಅಂದರು. ಟೊಪ್ಪಿಗೆ ಸರಿಮಾಡಿಕೊಂಡರು.
"ಹ್ಞೂಂ. ಈಗ."