ನಾಕು ತುಣುಕು

ಬಾಟಾ ಬೂಟಿನ ಡಬ್ಬಿಯೊಳಗ ಬಂದಿತ್ತು,
ಗೋದಾವರಿ ಕಡೆಯಿಂದ, ತೆಲುಗು ಪೇಪರಿನಾಗ ಸುತಗೊಂಡು:
ದವಡಿಯ ಚೂರೊಂದು, ಬೆನ್ನಿನ ಒಂದು ಮಣಿ,
ತೊಡಿಯ ಎಲುಬು (ಅದೂ ಅರ್ಧಾ),
ಕಾಲಹರಡಿನ ಹಳ್ಳು, ಹುಣಸೀಬೀಜಕ್ಕಿಂತ ಚೂರು ದೊಡ್ಡದು.

ಧಾರವಾಡದ ಕಲ್ಲಿನಾಗ ಎಲುಬು ಸಿಗೂದಿಲ್ಲೋ ದಾವಲಸಾಬ,
ಎಲುಬು ಅನ್ನೂದು ಹುಟ್ಟೂಕಿಂತ ಮೊದಲಿನ ಕಲ್ಲು ಇವು,
ಅಂತಿದ್ರು ಇಂಚಲಮಠ ಸರ್.
ನಮ್ಮ ಕಪಾಟಿನೊಳಗ ಅದೊಂದಽ ಪರಊರಿಂದು.

ಅಪ್ಪ ಲೈನ್ ಬಜಾರದಾಗ ಅರಳಿ ಹಿಂಜಾಂವ.
ಅವನ ಬಿಲ್ಲಿನ ಕೆಳಗಿಂದ ಒಂದು ಹಿಡಿ ತಂದು
ಹಾಸಿಗಿ ಮಾಡಿದೆ. ನಾಕೂ ಮಲಗಿದ್ವು.
ಸರ್ ಹೇಳಿದಂಗ ಚೀಟಿ ಬರದೆ:
'ಆದಿಕಾಲದ ಡೈನೋಸಾರ್. ಮಾಂಸಾಹಾರಿ.'

ಆರು ವರ್ಷಕ್ಕ ಪುಣೆಯಿಂದ ಕುಲಗೋಡ ಮೇಡಂ ಬಂದ್ರು.
ಭೂತಗನ್ನಡಿ ಹಿಡದು ದವಡಿ ನೋಡಿ
ಇದು ಮೊಸಳಿಯ ದೂರದ ಬೀಗರು ಅಂದ್ರು.
ಬೆನ್ನಿನ ಮಣಿ ಇನ್ಯಾವುದರದೋ.
ತೊಡಿ, ಹರಡು ಡೈನೋಸಾರಿಂದು ಇರಬಹುದು.
ಇರಬಹುದು, ಅಷ್ಟಽ.
ಸರ್ ಮುಂದಿನ ಚಾ ಆರಿ ಕೆನಿಗಟ್ಟಿತು.
'ಒಂದಽ ತಗ್ಗಿನ್ಯಾಗ ಸಿಕ್ಕಾವಲ್ಲವಾ!'
'ಒಂದಽ ಬಸ್ಸಿನ್ಯಾಗ ಕುಂತವರೆಲ್ಲಾ ಒಂದಽ ಮನಿಯವರೇನ್ರಿ ಸರ್?'

ಹೊಸ ಚೀಟಿ ಬರದೆ. ಹಳೇದನ್ನ ಹರೀಲಿಲ್ಲ, ಕೆಳಗ ಸರಿಸಿದೆ.
ಆಮ್ಯಾಲ ಮತ್ತೊಬ್ಬರು ಬಂದ್ರು, ಮತ್ತೊಂದು.
ಈಗ ಒಂದರ ಮ್ಯಾಲ ಒಂದು ನಾಕು.
ಮ್ಯಾಲಿಂದರ ತುದಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ,
ಅದನ್ನ ಭಾಳ ಚಂದ ತಿದ್ದೀನಿ.

ಅದಽ ವರ್ಷ ಮಗಳ ಜಾತಿ ಪ್ರಮಾಣಪತ್ರಕ್ಕ
ತಹಶೀಲ್ದಾರ ಕಚೇರಿಯೊಳಗ ನಿಂತಿದ್ದೆ.
'ನದಾಫ' ಅಂದೆ.
'ಶಾಲಿ ದಾಖಲೆದಾಗ ಬ್ಯಾರೆ ಐತಿ. ಯಾವ ಪ್ರವರ್ಗ ನಿಂದು?'
ಅಜ್ಜನ ಹೆಸರಿಂದೊಂದು ಕಾಗದ,
ಅಪ್ಪನ ಕಸಬಿನ ಹಳೇ ಪಾವತಿ,
ಪಂಚರ ಸಹಿ ಇದ್ದ ಹಾಳಿ, ಅದೂ ಅರ್ಧಾ ಗೆದ್ದಲಾ ತಿಂದದ್ದು,
ಎಲ್ಲಾ ಟೇಬಲ್ ಮ್ಯಾಲ ಹರವಿದೆ.
ಗುಮಾಸ್ತ ಕನ್ನಡಕ ಏರಿಸಿ ನೋಡಿದ,
ಮೇಡಂ ನೋಡಿದಂಗಽ.
'ಒಂದಕ್ಕೊಂದು ಕೂಡೂದಿಲ್ಲಲ್ಲೋ ಮಾರಾಯಾ.'

ನನಗ ನಗಿ ಬಂತು. ಅಂವಗ ಸಿಟ್ಟು.

ದವಡಿ ಬ್ಯಾರೆ ಡಬ್ಬಿಗೆ ಹಾಕು ಅಂತ ಆರ್ಡರ್ ಬಂತು.
ಹಾಕೀನಿ. ಮಣಿಗೂ ಬ್ಯಾರೆ.
ಅಪ್ಪ ಇಲ್ಲ, ಬಿಲ್ಲು ಗೋಡೆಗೆ ತೂಗತದ, ಹುರಿ ಸಡಿಲಾಗ್ಯದ.
ಹಳೇ ಹಾಸಿಗೀನಽ ಮೂರು ಪಾಲು ಮಾಡಿದೆ.
ಬೆರಳಾಡಿಸಿದ್ರ ಒಂದೂ ಬೀಜ ಹತ್ತಲಿಲ್ಲ:
ಎಲುಬಿಗೆ ಒತ್ತಬಾರದಂತ ಆರಿಸಿ ತಗದಿದ್ದ,
ಯಾರ ಎಲುಬು ಅಂತ ಕೇಳಿರಲಿಲ್ಲ.